ಲಕೋಟೆಯ ಬಾಯಿಗೊಂದು ಕೂದಲು

ನಮ್ಮ ಮಾವ ತನ್ನ ನೆರಳನ್ನೂ ನಂಬುತ್ತಿರಲಿಲ್ಲ ಎಂದು ಶಹಾಪುರದ ಜನ ಹೇಳುತ್ತಾರೆ. ಶುದ್ಧ ಸುಳ್ಳು! ಮಧ್ಯಾಹ್ನ ಹನ್ನೆರಡಕ್ಕೆ ನೆರಳು ಕಾಲಡಿ ಬಂದು ಮುದುರಿ ಕೂತಾಗ ಅದನ್ನು ಅವನು ಸಾಕಷ್ಟು ನಂಬುತ್ತಿದ್ದ. ಹೊತ್ತು ಇಳಿದು ಅದು ಉದ್ದವಾಗತೊಡಗಿದ ಮೇಲಷ್ಟೇ ಅವನ ತಕರಾರು. "ನನಕಿಂತ ಮುಂದ ಮುಂದ ಯಾಕ ಹೊಂಟೈತಿ ಇದು? ಯಾರನ್ನ ಕಾಣಾಕ ಹೊಂಟೈತಿ?" ಎಂದು ಅದರ ಮೇಲೆ ಒಂದು ಕಣ್ಣಿಟ್ಟೇ ನಡೆಯುತ್ತಿದ್ದ.

ಅವನು ನನ್ನ ತಾಯಿಯ ತಮ್ಮ. ನಿಜಾಮರ ಆಳಿಕೆಯ ಕೊನೆಯ ವರ್ಷಗಳಲ್ಲಿ ಶಹಾಪುರದ ಸರ್ಕಾರಿ ಶಾಲೆಯಲ್ಲಿ ಭೂಗೋಳದ, ಆಗಿನವರ ಬಾಯಲ್ಲಿ ಜುಗ್ರಾಫಿಯಾದ, ಮಾಸ್ತರನಾಗಿದ್ದ. ಹೈದರಾಬಾದಿಗೆ ಹೋಗಿ ಎಂ.ಎ. ಮಾಡಿ ಬಂದವನು. ನಮ್ಮ ಸೀಮೆಯಲ್ಲಿ ಆಗ ಎಂ.ಎ. ಅಂದರೆ ಸುಮ್ಮನೆ ನೋಡಲು ಸಿಗುತ್ತಿರಲಿಲ್ಲ. ಹಳ್ಳಿಯವರು ಸಂತೆಗೆ ಬಂದಾಗ ಎತ್ತು ನೋಡಿ, ಬೀಜ ನೋಡಿ, ಹಾಗೇ ಇವನನ್ನೂ ಒಮ್ಮೆ ನೋಡಿಕೊಂಡು ಹೋಗುತ್ತಿದ್ದರು. ಅವರು ಕೈಮುಗಿದರೆ ಇವನು ಆ ಮುಗಿದ ಕೈಗಳ ನಡುವೆ ಏನಿದೆ ಎಂದು ಇಣುಕುತ್ತಿದ್ದ.

ಒಂದು ಸಲ ಯಾವುದೋ ಕೆಲಸಕ್ಕೆಂದು ಪಕ್ಕದ ಊರು ಗೋಗಿಗೆ ಹೊರಟ. ಮನೆಗೆ ಬೀಗ ಹಾಕಿ, ಜಗ್ಗಿ ನೋಡಿ, ಹತ್ತು ಹೆಜ್ಜೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗಿ ನೋಡಿ ಹೊರಟವನಿಗೆ ಗೋಗಿಯ ಅಗಸಿ ಬಾಗಿಲು ಮುಟ್ಟಿದಾಗ ಬೀಗದ ಮೇಲೆ ಸಂಶಯ ಬಂತು. ಕೆಲಸ ಬಿಟ್ಟು ತಿರುಗಿ ಬಂದ. ಬೀಗ ಭದ್ರವಾಗಿತ್ತು. ಒಳಗಿನಿಂದ ನಮ್ಮ ಅತ್ತೆ, ಅಂದರೆ ಅವನ ಹೆಂಡತಿ, ಬಾಗಿಲು ಬಡಿಯುತ್ತಿದ್ದಳು!

"ಮನುಷ್ಯಾರು ಒಳಗಿರೂಮುಂದ ಹೊರಗ ಬೀಗ ಯಾಕ್ರಿ?"

"ಒಳಗ ಯಾರೂ ಇಲ್ಲಂದ್ರ ಈ ಮನ್ಯಾಗ ಕದಿಯಾಕ ಏನೈತಿ?"

ಇದನ್ನು ಬೈಗುಳ ಎನ್ನಬೇಕೋ ಹೊಗಳಿಕೆ ಎನ್ನಬೇಕೋ ತಿಳಿಯದೆ ಅತ್ತೆ ಎರಡು ದಿನ ಮಾತು ಬಿಟ್ಟಿದ್ದಳು.

ಇಷ್ಟೇ ಆಗಿದ್ದರೆ ಇಂಥವರು ಊರಿಗೊಬ್ಬರು ಇರುತ್ತಾರೆ ಎಂದು ಸುಮ್ಮನಾಗಬಹುದಿತ್ತು. ಆದರೆ ಈ ಮನುಷ್ಯನಿಗೆ ಯೂರೋಪಿನ ಯಾವುದಾದರೂ ಯುನಿವರ್ಸಿಟಿಯಲ್ಲಿ ಸಂಶೋಧಕನಾಗಿ ಸೇರಿ ಡಾಕ್ಟರೇಟು ಪಡೆಯುವ ಹುಚ್ಚು ಹತ್ತಿತ್ತು. ಅದಕ್ಕೆ ಕಾರಣ ಒಂದು ಬೂದಿ ದಿಬ್ಬ.

ಶಹಾಪುರದಿಂದ ಸುರಪುರಕ್ಕೆ ಹೋಗುವ ಕಡೆ ಒಂದು ಹಳ್ಳಿಯ ಹೊರಗೆ ಆ ದಿಬ್ಬ ಇದೆ. ಎರಡಾಳು ಎತ್ತರ, ಒಂದು ಓಣಿಯಷ್ಟು ಅಗಲ, ಪೂರಾ ಬೂದಿ. ರಕ್ಕಸನನ್ನು ಸುಟ್ಟ ಜಾಗ ಎಂದು ಊರವರ ಮಾತು. ರಕ್ಕಸನ ಬೂದಿಯಾದರೇನು, ಪಾತ್ರೆ ಫಳಫಳ ಅನ್ನುತ್ತದೆ ಎಂದು ಹೆಂಗಸರು ಬುಟ್ಟಿಗಟ್ಟಲೆ ಹೊತ್ತು ಒಯ್ಯುತ್ತಿದ್ದರು. ಅಲ್ಲಿ ಮಾವನಿಗೆ ಒಂದು ಸತ್ಯ ಸಿಕ್ಕಿತ್ತು. ಏನದು? ಹೇಳಿದರೆ ತಾನೇ! "ಸಿಕ್ಕೈತಿ" ಎಂದು ತಲೆ ಆಡಿಸುತ್ತಿದ್ದ, ಅಷ್ಟೆ. ಹೈದರಾಬಾದಿನಲ್ಲಿ ಹೇಳಿದರೆ ಸಂಜೆಯೊಳಗೆ ಯಾರಾದರೂ ಕದ್ದುಬಿಡುತ್ತಾರೆ. ಯೂರೋಪಿನವರು ಕದಿಯಬೇಕಾದರೂ ಹಡಗು ಹತ್ತಿ ಬರಬೇಕು, ಅಷ್ಟರಲ್ಲಿ ನಾವು ಹುಷಾರಾಗಬಹುದು. ವಿಲಾಯತಿಯ ಮೇಲೆ ಅವನಿಗಿದ್ದ ನಂಬಿಕೆಗೆ ಇದೇ ಬುನಾದಿ.

ಆಗ ನಮ್ಮಲ್ಲಿ ವಾರದ ಸೂಟಿ ಶುಕ್ರವಾರ. ಪ್ರತಿ ಶುಕ್ರವಾರ ಶೇರವಾನಿ ತೊಟ್ಟು, ಒಂದು ಜರಡಿ ಬಗಲಲ್ಲಿಟ್ಟುಕೊಂಡು, ಮುಖಕ್ಕೆ ಕೊಡೆ ಅಡ್ಡ ಹಿಡಿದು ದಿಬ್ಬಕ್ಕೆ ಹೋಗುತ್ತಿದ್ದ. ಒಂದು ವಾರ ಹೋದ ದಾರಿಯಲ್ಲಿ ಮುಂದಿನ ವಾರ ಹೋಗುವ ಹಾಗಿಲ್ಲ. ಯಾರಿಗೂ ಗೊತ್ತಾಗಬಾರದಲ್ಲ! ಮೂರು ಹರದಾರಿಯಿಂದ ಕಾಣುವ ದಿಬ್ಬವನ್ನು ಬಚ್ಚಿಟ್ಟುಕೊಳ್ಳಲು ಹೊರಟ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ. ಸಂಜೆಗೆ ನೆತ್ತಿಯಿಂದ ಹಿಮ್ಮಡಿವರೆಗೆ ಬೂದಿ ಬಳಿದುಕೊಂಡು ಬರುತ್ತಿದ್ದ. ದಾರಿಯಲ್ಲಿ ಎಷ್ಟೋ ಹೆಂಗಸರು ಯಾರೋ ಸಾಧುಗಳೆಂದು ಕಾಲಿಗೆ ಬಿದ್ದಿದ್ದಾರೆ. ಅವರು ಕಾಲು ಹಿಡಿದಾಗಲೂ ಇವನ ಕಣ್ಣು ತನ್ನ ಚಪ್ಪಲಿಯ ಮೇಲೆಯೇ.

ಹೈದರಾಬಾದಿನ ಹಳೇ ಪುಸ್ತಕದಂಗಡಿಯಲ್ಲಿ ಅವನಿಗೆ ಯೂರೋಪಿನ ಯುನಿವರ್ಸಿಟಿಗಳ ವಿಳಾಸಗಳಿದ್ದ ಒಂದು ಪುಸ್ತಕ ಸಿಕ್ಕಿತ್ತು. ಅರ್ಧದಷ್ಟು ಹಾಳೆಗಳು ಹರಿದು ಹೋಗಿದ್ದವು. ಒಳ್ಳೊಳ್ಳೆಯ ಯುನಿವರ್ಸಿಟಿಗಳೆಲ್ಲ ಆ ಹರಿದ ಹಾಳೆಗಳಲ್ಲೇ ಇದ್ದವೆಂದೂ, ಬೇಕಂತಲೇ ಯಾರೋ ಹರಿದಿದ್ದಾರೆಂದೂ ಅವನು ಖಾತ್ರಿ ಮಾಡಿಕೊಂಡಿದ್ದ. ಉಳಿದವುಗಳಿಗೆ ಪತ್ರ ಬರೆಯಲು ಕೂತ.

ಇಲ್ಲಿ ನನ್ನ ಪ್ರವೇಶ. ಶಹಾಪುರದಲ್ಲಿ ಇದ್ದದ್ದು ನಿಜಾಮ ಸರ್ಕಾರದ ಟಪಾಲು. ಅದರ ಟಿಕೀಟು ಸಂಸ್ಥಾನದ ಗಡಿ ದಾಟಿದರೆ ನಡೆಯುತ್ತಿರಲಿಲ್ಲ. ವಿಲಾಯತಿಗೆ ಪತ್ರ ಹೋಗಬೇಕಾದರೆ ಯಾದಗಿರಿ ಸ್ಟೇಷನ್ನಿಗೆ ಬಂದು ಅಂಗ್ರೇಜಿ ಟಪಾಲಿಗೆ ಹಾಕಬೇಕು. ನಾನು ಯಾದಗಿರಿಯ ಒಂದು ಹತ್ತಿ ಮಿಲ್ಲಿನಲ್ಲಿ ಗುಮಾಸ್ತನಾಗಿದ್ದೆ. ಹೀಗಾಗಿ ಉತ್ತರಗಳು ನನ್ನ ವಿಳಾಸಕ್ಕೆ ಬರುವುದೆಂದು ಗೊತ್ತಾಯಿತು. ನನ್ನ ಮೇಲೆ ನಂಬಿಕೆಯಿಂದಲೇ? ಛೆ! ಶಹಾಪುರದ ಪೋಸ್ಟ್‌ಮಾಸ್ತರನಿಗೆ ಇಂಗ್ಲಿಷ್ ನನಗಿಂತ ಚೆನ್ನಾಗಿ ಬರುತ್ತಿತ್ತು, ಅದಕ್ಕೆ.

ಮೊದಲ ಪತ್ರವನ್ನು ಜರ್ಮನಿಗೆ ಬರೆದ. ಇಂಗ್ಲಿಷಿನಲ್ಲಿದ್ದ ಅದರ ಸಾರಾಂಶ ಹೀಗಿತ್ತು: "ಮಹಾಶಯರೇ, ನಮ್ಮ ಸೀಮೆಯ ಒಂದು ವಸ್ತುವಿನ ಬಗ್ಗೆ ನಾನು ಒಂದು ಸತ್ಯವನ್ನು ಕಂಡುಹಿಡಿದಿದ್ದೇನೆ. ವಸ್ತು ಯಾವುದೆಂದು ಈಗ ಹೇಳಲಾರೆ. ಸತ್ಯವನ್ನಂತೂ ಹೇಳುವುದೇ ಇಲ್ಲ. ನನ್ನನ್ನು ಡಾಕ್ಟರೇಟಿಗೆ ಸೇರಿಸಿಕೊಂಡರೆ ಅಲ್ಲಿಗೆ ಬಂದು ಬಾಗಿಲು ಹಾಕಿ ಹೇಳುತ್ತೇನೆ. ಇನ್ನೊಂದು ಮಾತು. ಈ ಲಕೋಟೆಯ ಬಾಯಲ್ಲಿ ಒಂದು ಕೂದಲಿದೆ. ಅದು ಇದ್ದಂತೆಯೇ ಇತ್ತೇ ಎಂದು ದಯವಿಟ್ಟು ತಿಳಿಸಬೇಕು."

ಕೂದಲು ಅವನದೇ ನೆತ್ತಿಯದು. ಜಾಲಿ ಅಂಟಿನಿಂದ ಲಕೋಟೆಯ ಬಾಯಿ ಮುಚ್ಚುವಾಗ ನಡುವೆ ಒಂದು ಕೂದಲು ಎಳೆದಿಡುತ್ತಿದ್ದ. ಯಾರಾದರೂ ಬಿಚ್ಚಿದರೆ ಕೂದಲು ಜಾರುತ್ತದೆ, ಇಲ್ಲವೇ ತುಂಡಾಗುತ್ತದೆ. ನೆತ್ತಿ ಬರಿದಾಗಿದ್ದಕ್ಕೆ ವಯಸ್ಸು ಕಾರಣ ಎಂದು ಅತ್ತೆ ತಿಳಿದಿದ್ದಳು. ಅಲ್ಲ, ಯೂರೋಪು ಕಾರಣ.

ಎರಡು ತಿಂಗಳಿಗೆ ಉತ್ತರ ಬಂತು: ಸಂಶೋಧನೆಯ ವಿಷಯವನ್ನು ಎರಡು ಪುಟದಲ್ಲಿ ಬರೆದು ಕಳಿಸಿ.

ಮಾವ ತೊಡೆ ತಟ್ಟಿಕೊಂಡ. "ನೋಡಿದಿ? ಹೇಳಿದ್ದಿಲ್ಲ ನಾನು? ವಿಷಯ ಬೇಕಂತ ವಿಷಯ! ಕಳ್ಳ ಸೂಳೇಮಕ್ಳು!"

"ಮಾವಾ, ವಿಷಯ ಗೊತ್ತಾಗದ ಹೆಂಗ ಸೇರಿಸ್ಕೋತಾರ ಅವರು?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀ ಯಾವಾಗಿಂದ ಅವರ ಕಡೀಯಾಂವ ಆದಿ?"

ಆದರೂ ಅವನು ಯೋಚನೆ ಮಾಡಿದ, ಬುದ್ಧಿವಂತನೇ ಅಲ್ಲವೇ. ವಿಷಯವನ್ನು ಬರೆಯಬೇಕು, ಆದರೆ ಯಾರಿಗೂ ಪೂರ್ತಿ ಸಿಗಬಾರದು. ಕೊನೆಗೆ ಫ್ರಾನ್ಸಿನ ಒಂದು ಯುನಿವರ್ಸಿಟಿಗೆ ಎರಡು ಪುಟ ಬರೆದ. ಒಂದು, ಮೂರು, ಐದನೆಯ ಸಾಲುಗಳನ್ನು ಒಂದು ಹಾಳೆಯಲ್ಲಿ ಬರೆದು ಯಾದಗಿರಿಯಲ್ಲಿ ಹಾಕಿದ. ಎರಡು, ನಾಲ್ಕು, ಆರನೆಯವನ್ನು ಇನ್ನೊಂದರಲ್ಲಿ ಬರೆದು, ರೈಲು ಹತ್ತಿ ರಾಯಚೂರಿಗೆ ಹೋಗಿ ಹಾಕಿ ಬಂದ! ನಡುವೆ ಕದ್ದವನ ಕೈಗೆ ಅರ್ಧ ಸತ್ಯವೇ ಸಿಗಲಿ ಎಂದು. ಮೂರು ತಿಂಗಳಾದ ಮೇಲೆ ಫ್ರಾನ್ಸಿನಿಂದ ಎರಡು ಬೇರೆ ಬೇರೆ ಲಕೋಟೆಗಳು ಬಂದವು. ಎರಡರಲ್ಲೂ "ನಿಮ್ಮ ಬರಹ ನಮಗೆ ಅರ್ಥವಾಗಲಿಲ್ಲ, ಕ್ಷಮಿಸಿ" ಎಂದಿತ್ತು. ಎರಡನೆಯದರಲ್ಲಿ ಒಂದು ಸಾಲು ಹೆಚ್ಚಿಗೆ: "ನಿಮ್ಮೂರಿನಿಂದಲೇ ಇನ್ನೊಬ್ಬರು ಇದೇ ಸ್ಥಾನಕ್ಕೆ ಬರೆದಿದ್ದಾರೆ. ಅವರ ಬರಹವೂ ಹೀಗೆಯೇ ಇದೆ."

"ಯಾರಂವ ಇನ್ನೊಬ್ಬ?" ಎಂದು ಮಾವ ಒಂದು ವಾರ ಶಹಾಪುರ ಪೂರಾ ಹುಡುಕಿದ.

ಇನ್ನು ಕಿಟಲಿಯ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಅತ್ತೆ ತವರಿನಿಂದ ತಂದ ಹಿತ್ತಾಳೆಯ ಒಂದು ಕಿಟಲಿ ಮನೆಯಲ್ಲಿತ್ತು. ಅದು ಚಹಾ ಕಾಸಿದ್ದಕ್ಕಿಂತ ಲಕೋಟೆ ಬಿಚ್ಚಿದ್ದೇ ಹೆಚ್ಚು. ನೀರು ಕುದಿಸಿ, ಅದರ ಮೂತಿಯ ಹಬೆಗೆ ಲಕೋಟೆಯ ಬಾಯಿ ಹಿಡಿದರೆ ಅಂಟು ಮೆತ್ತಗಾಗಿ ತಾನೇ ತೆರೆದುಕೊಳ್ಳುತ್ತದೆ. ಬೇರೆಯವರ ಪತ್ರ ಓದಿ, ಮತ್ತೆ ಮುಚ್ಚಿ, ಏನೂ ಆಗಿಲ್ಲವೆಂಬಂತೆ ಕೊಡುವುದರಲ್ಲಿ ಮಾವ ನಿಸ್ಸೀಮ. "ಮಂದಿ ಏನ ಮಾಡ್ತಾರಂತ ಗೊತ್ತಿರಬೇಕಂದ್ರ ಮೊದಲ ನಾವು ಮಾಡಿ ನೋಡಬೇಕು" ಎಂಬುದು ಅವನ ನ್ಯಾಯ. ನನಗೆ ಹೆಣ್ಣು ಕೊಡಲು ಬಂದಿದ್ದ ಸುರಪುರದ ಒಬ್ಬ ಹಿರಿಯರು ಮಾವನ ಮನೆಯ ವಿಳಾಸಕ್ಕೆ, ನನ್ನ ಹೆಸರಿಗೆ, ಒಂದು ಪತ್ರ ಬರೆದಿದ್ದರು. ಮಾವ ಅದನ್ನು ನನ್ನ ಕೈಗಿಟ್ಟ. ಲಕೋಟೆ ಗಟ್ಟಿಯಾಗಿ ಮುಚ್ಚಿತ್ತು.

"ನೀ ಓದಿಲ್ಲ ಹೌದಲ್ಲ ಮಾವಾ?"

"ದೇವರ ಆಣಿ! ಮುಟ್ಟಿಲ್ಲ ಬೇಕಾರ."

ಬಿಚ್ಚಿ ನೋಡುತ್ತೇನೆ, ಹಿರಿಯರು ಮಾಡಿದ್ದ ತಪ್ಪುಗಳನ್ನೆಲ್ಲ ಕೆಂಪು ಮಸಿಯಲ್ಲಿ ತಿದ್ದಿ, ಕೆಳಗೆ ಹತ್ತಕ್ಕೆ ನಾಲ್ಕು ಅಂಕ ಹಾಕಿದ್ದಾನೆ! ಮಾಸ್ತರಿಕೆ ಎಂಬುದು ಆಣೆಗಿಂತ ದೊಡ್ಡದು. ಆ ಸಂಬಂಧ ಕೂಡಿ ಬರಲಿಲ್ಲ, ಇರಲಿ.

ಆ ಚಳಿಗಾಲದಲ್ಲೇ ಅವನ ಓಣಿಯಲ್ಲಿ ಕುಳ್ಳು ಕಳುವಾಗತೊಡಗಿದವು. ಹೆಂಗಸರು ಗೋಡೆಗೆ ಸಗಣಿ ತಟ್ಟಿ ಒಣಗಿಸಿಟ್ಟರೆ ವಾರಕ್ಕೊಮ್ಮೆ ನೂರು, ನೂರೈವತ್ತು ಮಾಯ. ಓಣಿಯಲ್ಲಿ ಕೂಗಾಟವೋ ಕೂಗಾಟ. ಮಾವನಿಗಂತೂ ಹಬ್ಬ! ಊರೇ ತನ್ನ ದಾರಿಗೆ ಬಂತಲ್ಲ! ತಾನೇ ಮುಂದೆ ನಿಂತು ಎಲ್ಲರ ಮನೆ ತಪಾಸು ಮಾಡಿಸಿದ. ಎದುರು ಮನೆಯ ಅಜ್ಜಿ ಬಲಮನೆಯವರ ಮೇಲೆ, ಬಲಮನೆಯವರು ಎಡಮನೆಯವರ ಮೇಲೆ ಶಕ್ ಪಟ್ಟು, ಕೊನೆಗೆ ಓಣಿಯ ಹೆಂಗಸರು ತಮ್ಮ ತಮ್ಮ ಕುಳ್ಳಿನ ಮೇಲೆ ಐದೂ ಬೆರಳು ಗುರುತು ಮೂಡುವಂತೆ ತಟ್ಟತೊಡಗಿದರು. ಕಳ್ಳ ಸಿಗಲಿಲ್ಲ. "ಪಕ್ಕಾ ಒಳಗಿನವರದ ಕೆಲಸ" ಎಂದು ಮಾವ ಷರಾ ಬರೆದು ವಿಚಾರಣೆ ಮುಗಿಸಿದ.

ಹೀಗೆ ನಾಲ್ಕು ವರ್ಷ, ಹದಿನೇಳು ಯುನಿವರ್ಸಿಟಿ. ಎಲ್ಲ ಕಡೆಯಿಂದಲೂ ಇಲ್ಲ, ಇಲ್ಲ, ಇಲ್ಲ. ನಗುತ್ತ ಹೇಳುತ್ತಿದ್ದೇನೆ, ಆದರೆ ಪ್ರತಿ ಉತ್ತರ ಬಂದಾಗ ಅವನು ಅದನ್ನು ಮಡಚುವ ರೀತಿ ನೋಡಿದವನಿಗೆ ನಗು ಬರುತ್ತಿರಲಿಲ್ಲ. ನಿಧಾನಕ್ಕೆ, ಅಂಚಿಗೆ ಅಂಚು ಕೂಡಿಸಿ, ಹೆಣದ ಮೇಲಿನ ಬಟ್ಟೆ ಸರಿ ಮಾಡಿದ ಹಾಗೆ ಮಡಚುತ್ತಿದ್ದ. ಆಮೇಲೆ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ. "ಕೂದಲಿನ ಸುದ್ದಿ ಬರದಾರೇನು?" ಯಾರೂ ಬರೆದಿರುತ್ತಿರಲಿಲ್ಲ.

ಹದಿನೆಂಟನೆಯ ಯುನಿವರ್ಸಿಟಿಯ ಉತ್ತರ ಹಾಲೆಂಡಿನಿಂದ ಬಂತು. ಒಬ್ಬ ಮುದಿ ಪ್ರೊಫೆಸರರು ಸ್ವಂತ ಕೈಯಿಂದ ಬರೆದಿದ್ದರು. ಮೊದಲ ಸಾಲೇ ಇದು: "ಕೂದಲು ಇದ್ದಂತೆಯೇ ಇತ್ತು. ನರೆತದ್ದು. ಉದ್ದ ಸುಮಾರು ಎರಡು ಅಂಗುಲ."

ಮಾವ ಎದ್ದು ಕನ್ನಡಿಯ ಮುಂದೆ ಹೋಗಿ ಉಳಿದ ಕೂದಲಲ್ಲಿ ಒಂದನ್ನು ಅಳೆದ. ಎರಡು ಅಂಗುಲ! ಬಂದು ಕೂತು ಆ ಸಾಲನ್ನು ಇನ್ನೊಮ್ಮೆ ಓದಿದ.

"ಸಾಚಾ ಮನುಷ್ಯಾ ಅದಾನಲೇ ಅಳಿಯಾ" ಎಂದ. ಒಬ್ಬ ಜೀವಂತ ಮನುಷ್ಯನ ಬಗ್ಗೆ ಅವನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಪ್ರೊಫೆಸರರು ಮುಂದೆ ಬರೆದಿದ್ದರು. ತಮ್ಮಲ್ಲಿ ಎರಡು ವರ್ಷದ ಒಂದು ಸಂಶೋಧನೆಯ ಸ್ಥಾನ ಖಾಲಿ ಇದೆ. ವಿಷಯವನ್ನು ಬರೆದು ಕಳಿಸಿ, ತಮಗೆ ಎಪ್ಪತ್ತು ಆಗುತ್ತ ಬಂದಿದೆ, ಕದಿಯುವಷ್ಟು ಹುರುಪು ಉಳಿದಿಲ್ಲ. ಜೊತೆಗೆ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡ ಒಬ್ಬರಿಂದ ಶಿಫಾರಸು ಪತ್ರ ಬೇಕು. ಅವರು ವಿದ್ವಾಂಸರೇ ಆಗಬೇಕೆಂದಿಲ್ಲ, ನಿಮ್ಮನ್ನು ಬಲ್ಲವರಾದರೆ ಸಾಕು. ಆದರೆ ಅವರು ಏನು ಬರೆದರೆಂದು ನೀವು ನೋಡಕೂಡದು. ಅವರೇ ಲಕೋಟೆ ಮುಚ್ಚಬೇಕು.

ನೋಡಿ, ಎಲ್ಲಿ ತಂದು ಸಿಕ್ಕಿಸಿದರು! ವಿಷಯವನ್ನು ಮಾವ ಬರೆದುಬಿಟ್ಟ, ಹನ್ನೆರಡು ದಿನ ಒದ್ದಾಡಿದರೂ ಬರೆದ. ಆದರೆ ತನ್ನ ಬಗ್ಗೆ ಇನ್ನೊಬ್ಬ ಬರೆಯುವುದು, ತಾನು ಅದನ್ನು ನೋಡದೇ ಇರುವುದು! ಊರಿನ ಪತ್ರಗಳನ್ನೆಲ್ಲ ಓದಿದವನಿಗೆ ಇಂಥ ಶಿಕ್ಷೆ ಯಾವ ದೇವರೂ ಕೊಟ್ಟಿರಲಾರ. ಅದಿರಲಿ, ಅವನ ಕೆಲಸ ಕಂಡವರಾದರೂ ಯಾರಿದ್ದರು? ಯಾರಿಗೂ ಕಾಣದಂತೆ ತಾನೇ ಅವನು ಆರು ವರ್ಷ ಕೆಲಸ ಮಾಡಿದ್ದು? ಶಾಲೆಯ ಹೆಡ್‌ಮಾಸ್ತರು ಬೇಡ, ಅವರು ಒಮ್ಮೆ ಇವನ ಕೊಡೆ ಕೇಳಿದ್ದರು. ಪೋಸ್ಟ್‌ಮಾಸ್ತರನ ಹೆಸರು ಎತ್ತುವ ಹಾಗೇ ಇಲ್ಲ. ಬೆರಳು ಮಡಚುತ್ತ ಹೋದವನು ಕೊನೆಗೆ ಕಿರುಬೆರಳಿಗೆ ಬಂದು ನನ್ನ ಮುಖ ನೋಡಿದ.

"ಶುಕ್ರವಾರ ಬಾ. ತೋರಸ್ತೀನಿ" ಎಂದ. ದನಿ ಇಳಿದಿತ್ತು.

ಆ ಶುಕ್ರವಾರ ಇಬ್ಬರೂ ಬೇರೆ ಬೇರೆ ದಾರಿಯಿಂದ ದಿಬ್ಬಕ್ಕೆ ಹೋದೆವು. ದಿಬ್ಬದ ಹಿಂಬದಿಗೆ ಕರೆದೊಯ್ದು, ಹೊಲದವರು ಕಡಿದೊಯ್ದು ಗೋಡೆಯಂತೆ ನಿಂತಿದ್ದ ಬೂದಿಯನ್ನು ತೋರಿಸಿದ. ಒಂದರ ಮೇಲೊಂದು ಪದರ. ಪದರಗಳ ನಡುವೆ ಗಟ್ಟಿಯಾದ ನೆಲ. ಅದರ ಮೇಲೆ ಮೆತ್ತಗೆ ಕೈಯಾಡಿಸಿದ. ದನದ ಗೊರಸಿನ ಗುರುತುಗಳು! ನೂರಾರು, ನಿನ್ನೆ ನಡೆದುಹೋದಂತೆ ಸ್ಪಷ್ಟ. ಮಾವ ಸುತ್ತಮುತ್ತ ನೋಡಿ, ನನ್ನಿಂದ ಮೂರು ಆಣೆ ಮಾಡಿಸಿ, ಕಿವಿಗೆ ಬಾಯಿ ಹಚ್ಚಿ ಹೇಳಿದ.

"ರಕ್ಕಸನೂ ಅಲ್ಲ, ಜ್ವಾಲಾಮುಖೀನೂ ಅಲ್ಲ. ಸಾವಿರಾರು ವರ್ಷದ ಹಿಂದ ಇಲ್ಲಿ ದನದ ಹಟ್ಟಿ ಇತ್ತು. ಇದು ಸಗಣಿ ಸುಟ್ಟ ಬೂದಿ!"

"ಸಗಣೀ ಬೂದಿನ ಅದು, ಮತ್ತೇನ್ರೀಯಪ್ಪಾ?" ಎಂದು ಹಿಂದಿನಿಂದ ಒಂದು ದನಿ ಬಂತು.

ತಿರುಗಿ ನೋಡಿದರೆ ಬುಟ್ಟಿಗೆ ಬೂದಿ ತುಂಬುತ್ತಿದ್ದ ಒಬ್ಬ ಮುದುಕಿ. "ಹುಟ್ಟಿದಾಗಿಂದ ಸಗಣಿ ಸುಡಾಕತ್ತೀನಿ, ನನಗ ಗೊತ್ತಾಗಂಗಿಲ್ಲೇನು? ಇಷ್ಟಕ್ಕ ಕಿವ್ಯಾಗ ಯಾಕ ಹೇಳಾಕತ್ತೀರಿ?"

ಮಾವ ಬೂದಿಯಷ್ಟೇ ಬೆಳ್ಳಗಾದ. ಆಮೇಲೆ ನಿಧಾನಕ್ಕೆ ನನ್ನ ಕಡೆ ತಿರುಗಿದ.

"ಈಕಿಗೆ ಯಾರು ಹೇಳಿದ್ರು?"

ನನಗೇ ಅದು ಗೊತ್ತಾಗಿ ಒಂದು ಚಣವೂ ಆಗಿರಲಿಲ್ಲ, ಸ್ವಾಮಿ!

ಮುದುಕಿ ಬುಟ್ಟಿ ಹೊತ್ತು ಹೋದಳು. ಮಾವ ಅಲ್ಲೇ ಕುಸಿದು ಕೂತ. ಆರು ವರ್ಷದ ಗುಟ್ಟು, ಊರಿನ ಹೆಂಗಸರಿಗೆಲ್ಲ ಗೊತ್ತಿದ್ದ ಗುಟ್ಟು! ಸಮಾಧಾನಕ್ಕೆ ಏನು ಹೇಳುವುದೋ ತಿಳಿಯದೆ ನಾನು, "ಹಂಗಾರ ನಿನ್ನ ಕೆಲಸ ಏನ ಉಳೀತು ಮಾವಾ?" ಎಂದುಬಿಟ್ಟೆ. ಅವನು ಸಿಟ್ಟಾಗಲಿಲ್ಲ. ಶೇರವಾನಿಯ ಒಳಗಿನಿಂದ ಒಂದು ವಹಿ ತೆಗೆದ.

"ಆಕಿಗೆ ಗೊತ್ತೈತಿ. ನನಗ ಇನ್ನೂ ಗೊತ್ತಿಲ್ಲ. ನನಗ ಸಂಶಯ ಐತಿ" ಎಂದು ವಹಿಯನ್ನು ನನ್ನ ತೊಡೆಯ ಮೇಲಿಟ್ಟ.

ಅದು ಅವನ ಪ್ರಯೋಗಗಳ ವಹಿ. ಶಹಾಪುರದ ಗುಡ್ಡದ ಹಿಂದೆ ಸಗಣಿ ಒಟ್ಟಿ ಸುಟ್ಟು, ಆ ಬೂದಿಯನ್ನೂ ದಿಬ್ಬದ ಬೂದಿಯನ್ನೂ ಹೋಲಿಸಿ ನೋಡಿದ್ದ. ಹಸಿ ಸಗಣಿ, ಒಣ ಸಗಣಿ, ಮಣ್ಣು ಬೆರೆಸಿದ್ದು, ಹುಲ್ಲು ಬೆರೆಸಿದ್ದು, ಮೂರು ದಿನ ಉರಿಸಿದ್ದು, ಏಳು ದಿನ ಉರಿಸಿದ್ದು. ಒಟ್ಟು ಹನ್ನೊಂದು ಸಲ. ಪ್ರತಿಯೊಂದರ ಕೆಳಗೂ ಕೆಂಪು ಮಸಿಯಲ್ಲಿ ಒಂದೇ ಷರಾ: "ಸಾಲದು. ನಾನು ತಪ್ಪಿರಬಹುದು. ಇನ್ನೊಮ್ಮೆ ನೋಡಬೇಕು." ತನಗೆ ತಾನೇ ಹತ್ತಕ್ಕೆ ಮೂರು ಅಂಕ ಕೊಟ್ಟುಕೊಂಡಿದ್ದ, ಪ್ರತಿ ಸಲವೂ. ಐದನೆಯ ಪ್ರಯೋಗದ ಪುಟ ಓದಿ ನಾನು ನಿಂತೆ. "ಕುಳ್ಳು ನೂರೈವತ್ತು. ಎದುರು ಮನೆಯ ಅಜ್ಜಿಯವು. ಒಣಗಿದ್ದು ಉತ್ತಮ."

"ಮಾವಾ! ಆ ಕುಳ್ಳಿನ ಕಳ್ಳ..."

"ಪಕ್ಕಾ ಒಳಗಿನವರದ ಕೆಲಸಂತ ಅವತ್ತ ಹೇಳಿದ್ದಿಲ್ಲೇನು ನಾನು?" ಎಂದ. ಮುಖದಲ್ಲಿ ನಾಚಿಕೆ ಇತ್ತೋ ಹೆಮ್ಮೆ ಇತ್ತೋ ಬೂದಿಯ ದೆಸೆಯಿಂದ ಗೊತ್ತಾಗಲಿಲ್ಲ.

ಯಾದಗಿರಿಗೆ ಬಂದು ಶಿಫಾರಸು ಪತ್ರ ಬರೆದೆ. ಒಂದೇ ಪುಟ. ಬರೆಯುವಾಗ ಮನಸ್ಸು ತುಂಬಿ ಬಂದದ್ದು ನಿಜ. ಲಕೋಟೆಗೆ ಹಾಕಿ ಅಂಟು ಹಚ್ಚುವಾಗ ಮಾತ್ರ ಕಿಟಲಿ ನೆನಪಾಯಿತು. ಮಾವನ ನಿಯಮದಂತೆ ಅವನ ಎರಡು ಪುಟವೂ ನನ್ನ ಪತ್ರವೂ ಒಂದೇ ಟಪಾಲಿಗೆ ಹೋಗಬೇಕು, ಹಾಕುವವನು ಅವನೇ ಆಗಬೇಕು. ಅಂದರೆ ನನ್ನ ಲಕೋಟೆ ಮೊದಲು ಶಹಾಪುರಕ್ಕೆ ಹೋಗಿ ಅವನ ಮನೆಯಲ್ಲಿ ಒಂದೆರಡು ದಿನ ಇರಲೇಬೇಕು! ಕಿಟಲಿಯ ಪಕ್ಕದಲ್ಲಿ! ಅವನು ಬಿಚ್ಚುತ್ತಾನೆ. ಬಿಚ್ಚಿದರೆ ತಿದ್ದುತ್ತಾನೆ. ತಿದ್ದಿದರೆ ಅಂಕ ಹಾಕುತ್ತಾನೆ. ಕೆಂಪು ಮಸಿ ಕಂಡ ಪ್ರೊಫೆಸರರು ಕಸದ ಬುಟ್ಟಿಗೆ ಹಾಕುತ್ತಾರೆ. ಇದ್ದ ಒಂದೇ ಸ್ಥಾನವೂ ಹೋಯಿತು!

ನಾನು ಏನು ಮಾಡಿದೆ ಎಂದು ಹೇಳಲು ಈಗಲೂ ಹಿಂಜರಿಕೆ. ನನ್ನ ತಲೆಯಿಂದ ಒಂದು ಕೂದಲು ಕಿತ್ತು ಲಕೋಟೆಯ ಬಾಯಲ್ಲಿಟ್ಟು ಅಂಟಿಸಿದೆ. ಅದರಿಂದ ಏನು ಉಪಯೋಗ? ಲಕೋಟೆ ಹಾಲೆಂಡಿಗೆ ಹೋದ ಮೇಲೆ ಕೂದಲು ಇದ್ದರೆಷ್ಟು, ಬಿಟ್ಟರೆಷ್ಟು? ಸಂಶಯ ಎಂಬುದು ಅಂಟುರೋಗ, ಉಪಯೋಗ ನೋಡಿ ಬರುವುದಿಲ್ಲ.

ಲಕೋಟೆಯನ್ನು ಶಹಾಪುರಕ್ಕೆ ಒಯ್ದು ಅವನ ಕೈಗೆ ಕೊಟ್ಟು ಬಂದೆ. ನಾಲ್ಕು ದಿನ ಬಿಟ್ಟು ಮಾವ ಯಾದಗಿರಿಗೆ ಬಂದು ಎರಡೂ ಲಕೋಟೆ ಟಪಾಲಿಗೆ ಹಾಕಿದ. ನನ್ನ ಲಕೋಟೆಯನ್ನು ಟೋಪಿಯೊಳಗೆ ಇಟ್ಟುಕೊಂಡು ಬಂದಿದ್ದ. ನನ್ನ ಕೈಗೆ ಮುಟ್ಟಲೂ ಕೊಡಲಿಲ್ಲ.

ಮುಂದೆ ನಾವಿಬ್ಬರೂ ಕಾದೆವು. ಅವನು ವಾರಕ್ಕೆರಡು ಸಲ ಯಾದಗಿರಿಗೆ ಬಂದು ಮಿಲ್ಲಿನ ಗೇಟಿನಲ್ಲಿ ನಿಲ್ಲುತ್ತಿದ್ದ. ಅತ್ತೆ ಉಣ್ಣೆಯ ಶಾಲು ಒಂದನ್ನು ತೆಗೆದಿಟ್ಟು, ಹಾಲೆಂಡಿನಲ್ಲಿ ಜೋಳ ಸಿಗುತ್ತದೋ ಇಲ್ಲವೋ ಎಂದು ಕಂಡಕಂಡವರನ್ನು ಕೇಳುತ್ತಿದ್ದಳು. ಅಷ್ಟರಲ್ಲಿ ಯೂರೋಪಿನಲ್ಲಿ ಲಡಾಯಿ ಶುರುವಾಯಿತು. ಮುಂಬಯಿಯಿಂದ ಹಡಗು ಸಿಗುವುದಿಲ್ಲವೆಂಬ ಸುದ್ದಿ ಸ್ಟೇಷನ್ನಿನಲ್ಲಿ ಎಲ್ಲರ ಬಾಯಲ್ಲೂ ಇತ್ತು. ಅದಾಗಿ ಎರಡು ವಾರಕ್ಕೆ, ಲಡಾಯಿಗಿಂತ ಮೊದಲೇ ಬರೆದಿದ್ದ ಪ್ರೊಫೆಸರರ ಪತ್ರ ನನ್ನ ಕೈ ಸೇರಿತು.

ಅದನ್ನು ಬಿಚ್ಚದೆ ಶಹಾಪುರಕ್ಕೆ ಒಯ್ದೆ. ಮಾವ ಲಕೋಟೆಯನ್ನು ಹಿಂದೆ ಮುಂದೆ ನೋಡಿ, ಗೋಡೆಯ ಕಡೆ ತಿರುಗಿ ಒಬ್ಬನೇ ಓದಿದ. ಎರಡು ಸಲ ಓದಿದ. ತಿರುಗಿ ನನಗೆ ಕೊಟ್ಟ.

"ಜೋರಾಗಿ ಓದು. ನಿಮ್ಮತ್ತಿಗೂ ತಿಳೀಲಿ, ಕನ್ನಡದಾಗ ಹೇಳು."

ನಾನು ಓದುತ್ತ ಹೇಳುತ್ತ ಹೋದೆ. "ನಿಮಗೆ ಎರಡು ವರ್ಷದ ಸಂಶೋಧನೆಯ ಸ್ಥಾನವನ್ನು ಕೊಟ್ಟಿದ್ದೇವೆ. ಚಳಿಗಾಲಕ್ಕೆ ಮುಂಚೆ ಬನ್ನಿ. ನಿಮ್ಮ ಸೋದರಳಿಯ ಹೀಗೆ ಬರೆದಿದ್ದಾರೆ: 'ನನ್ನ ಮಾವ ಯಾರನ್ನೂ ನಂಬುವುದಿಲ್ಲ. ಎಲ್ಲರಿಗಿಂತ ಕಡಿಮೆ ತನ್ನನ್ನೇ ನಂಬುತ್ತಾನೆ. ತನ್ನ ಮಾತು ಸುಳ್ಳಾದೀತೇನೋ ಎಂದು ಹನ್ನೊಂದು ಸಲ ಸುಟ್ಟು ನೋಡಿದ್ದಾನೆ. ಬೂದಿಯ ವಿಷಯದಲ್ಲಿ ಅವನು ಒಂದು ಸಲವೂ ಸುಳ್ಳು ಹೇಳಿಲ್ಲ.' ನಮಗೆ ಬೇಕಾದವರು ಇಂಥವರೇ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೋಗುವ ಹಾಗಿರಲಿಲ್ಲ, ಅದು ಮೂವರಿಗೂ ಗೊತ್ತಿತ್ತು. ಮುಂದೆಯೂ ಅವನು ಹೋಗಲಿಲ್ಲ. ಲಡಾಯಿ ಮುಗಿಯುವ ಹೊತ್ತಿಗೆ ಆ ಪ್ರೊಫೆಸರರು ಉಳಿದಿರಲಿಲ್ಲ.

"ನನ್ನೊಬ್ಬನ್ನ ತಡಿಯಾಕ ಇಷ್ಟು ದೊಡ್ಡ ಲಡಾಯಿ ಹೂಡಬೇಕಿತ್ತೇನಲೇ ಇವರು?" ಎಂದ ಮಾವ. ನಗಿಸಲೆಂದೇ ಹೇಳಿದ. ಯಾರೂ ನಗಲಿಲ್ಲ.

ನಾನು ಪತ್ರ ಮಡಚತೊಡಗಿದೆ.

"ಒಂದು ಸಾಲ ಬಿಟ್ಟಿ" ಎಂದ.

ಬಿಟ್ಟಿದ್ದೆ. ಬೇಕೆಂದೇ ಬಿಟ್ಟಿದ್ದೆ. ಮುಖ ಮೇಲೆತ್ತಲಾಗದೆ ಓದಿದೆ. "ನಿಮ್ಮ ಸೋದರಳಿಯನ ಲಕೋಟೆಯ ಬಾಯಲ್ಲೂ ಒಂದು ಕೂದಲಿತ್ತು. ಕಪ್ಪು ಬಣ್ಣದ್ದು, ಗುಂಗುರು. ಅವರು ಕೇಳಿಲ್ಲ, ಆದರೂ ತಿಳಿಸುತ್ತೇನೆ. ಅದೂ ಇದ್ದಂತೆಯೇ ಇತ್ತು."

ಅವನು ಬಿಚ್ಚಿರಲಿಲ್ಲ! ಮೂರು ಲೋಕದ ಲಕೋಟೆ ಬಿಚ್ಚಿದವನು ನನ್ನದನ್ನು ಬಿಚ್ಚಿರಲಿಲ್ಲ. ತನ್ನ ಬಗ್ಗೆ ನಾನು ಏನು ಬರೆದೆನೆಂದು ಇವತ್ತೇ, ಇಲ್ಲೇ ಅವನಿಗೆ ಗೊತ್ತಾಗಿದ್ದು. ಕೂದಲಿಟ್ಟವನು ನಾನು. ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಮಾವಾ, ನಾ..."

"ಅಂಟ ಜಾಸ್ತಿ ಹಚ್ಚಿದ್ದಿ. ನೀ ತಂದ ದಿನಾನ ಕೂದಲ ಕಂಡಿತ್ತು ನನಗ" ಎಂದ. ಸಿಟ್ಟಿನ ಸುಳಿವೇ ಇರಲಿಲ್ಲ. "ಖರೇ ಹೇಳ್ತೀನಿ, ಕಿಟಲಿ ಇಟ್ಟಿದ್ದೆ. ನೀರೂ ಕುದೀತು. ಲಕೋಟಿ ಕೈಯಾಗ ಹಿಡಕೊಂಡು ಕೂತಿದ್ದೆ. ಆಮ್ಯಾಲ, ಇರಲಿ ಬಿಡು, ಹುಡುಗ ಏನ ಬೇಕಾದ್ದ ಬರದಿರಲಿ ಅನಿಸ್ತು. ಕುದ್ದ ನೀರ ಹಾಳ ಮಾಡೂದ್ಯಾಕಂತ ನಿಮ್ಮತ್ತಿಗಿ ಚಾ ಮಾಡಿಕೊಟ್ಟೆ."

ಅತ್ತೆ ತಟ್ಟನೆ ತಲೆಯೆತ್ತಿದಳು.

"ಅಯ್ಯ! ಅದು ಅವತ್ತಿನ ಚಾ ಏನು? ಲಗ್ನಾಗಿ ಹದಿನೆಂಟು ವರ್ಷದಾಗ ಅದೊಂದ ದಿನ ಚಾ ಮಾಡಿಕೊಟ್ರಿ. ಇದರಾಗ ಏನೋ ಐತಂತ ಸಂಶಯ ಬಂದು ನಾ ಬಚ್ಚಲಕ್ಕ ಚೆಲ್ಲಿದೆ!"

ಮಾವ ಹೆಂಡತಿಯ ಮುಖವನ್ನೇ ನೋಡುತ್ತ ಕೂತ. ಅತ್ತೆ ಸ್ವಲ್ಪ ಹೊತ್ತು ಸೆರಗಿನ ತುದಿ ಸುತ್ತುತ್ತ ಇದ್ದಳು. ಆಮೇಲೆ ಎದ್ದು, ಗೂಟಕ್ಕೆ ತೂಗುಹಾಕಿದ್ದ ಹಿತ್ತಾಳೆಯ ಕಿಟಲಿಯನ್ನು ತಂದು ಅವನ ಮುಂದಿಟ್ಟಳು.

"ಇವತ್ತ ಮಾಡ್ರಿ" ಎಂದಳು. "ಕುಡೀತೀನಿ."